ಹೆಡ್‌ಸೆಟ್ ಲ್ಯಾಬಿಗೆ ಸಹಿ ಹಾಕುವ ಮುನ್ನ: ಕಾಲೇಜು ಆಡಳಿತ ಮಂಡಳಿಗಳಿಗೆ ಒಂದು ಬಹಿರಂಗ ಪತ್ರ

ರಾಜ್ಯದ ಎಂಜಿನಿಯರಿಂಗ್, ಪಾಲಿಟೆಕ್ನಿಕ್ ಮತ್ತು ವೈದ್ಯಕೀಯ ಕಾಲೇಜುಗಳ ಆಡಳಿತ ಮಂಡಳಿಗಳ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ, ಪ್ರಾಂಶುಪಾಲರಿಗೆ,

ಮಾನ್ಯರೇ,

ಬಜೆಟ್ ಸಭೆಯ ಹೊತ್ತಿಗೆ ನಿಮ್ಮಲ್ಲಿ ಅನೇಕರ ಮೇಜಿನ ಮೇಲೆ ‘ಎಕ್ಸ್‌ಆರ್ ಲ್ಯಾಬ್’ ಎಂಬ ತಲೆಬರಹದ ಕೊಟೇಶನ್ ಬಂದಿರುತ್ತದೆ. ಮಿಕ್ಸೆಡ್ ರಿಯಾಲಿಟಿ ಹೆಡ್‌ಸೆಟ್ ಇಷ್ಟು, ಕಂಪ್ಯೂಟರ್ ಇಷ್ಟು, ಸಾಫ್ಟ್‌ವೇರ್ ಲೈಸೆನ್ಸಿಗೆ ವರ್ಷಕ್ಕಿಷ್ಟು, ಕೋಣೆಯ ಅಲಂಕಾರ, ಎರಡು ದಿನದ ತರಬೇತಿ. ಕೂಡಿಸಿದರೆ ಹತ್ತಾರು ಲಕ್ಷ. ನಾನು ನಿವೃತ್ತ ಲ್ಯಾಬ್ ಇನ್‌ಸ್ಟ್ರಕ್ಟರ್. ಸಾಮಾನು ತರಿಸುವುದು, ಸ್ಟಾಕ್ ರಿಜಿಸ್ಟರಿಗೆ ಏರಿಸುವುದು, ವಾರ್ಷಿಕ ನಿರ್ವಹಣೆಯ ಒಪ್ಪಂದಕ್ಕಾಗಿ (ಎಎಂಸಿ) ಕಂಪನಿಯವರ ಬೆನ್ನು ಹತ್ತುವುದು, ಕೆಟ್ಟದ್ದನ್ನು ಕಂಡಮ್ ಮಾಡಿಸಿ ಹೊರಗೆ ಹಾಕುವುದು, ಇದರಲ್ಲೇ ನನ್ನ ಸೇವೆ ಮುಗಿಯಿತು. ಆ ಕೊಟೇಶನ್ನಿಗೆ ಸಹಿ ಹಾಕುವ ಮುಂಚೆ ಈ ಪತ್ರವನ್ನು ಒಮ್ಮೆ ಓದಿ ಎಂದು ಕೇಳಿಕೊಳ್ಳುತ್ತೇನೆ.

ಈ ಯಂತ್ರವನ್ನು ನಾನು ಹೀಗಳೆಯುತ್ತಿಲ್ಲ. ಖಾಲಿ ಬೆಂಚಿನ ಮೇಲೆ ಒಂದು ಗೇರ್‌ಬಾಕ್ಸ್ ಮೂಡಿ ನಿಲ್ಲುತ್ತದೆ, ಸುತ್ತ ನಡೆದು ನೋಡಬಹುದು, ಬಗ್ಗಿ ಒಳಗೆ ಇಣುಕಿದರೆ ಹಲ್ಲಿಗೆ ಹಲ್ಲು ಕೂಡುವುದು ಕಾಣುತ್ತದೆ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಅದನ್ನೇ ಬರೆದು ಬರೆದು ಸೋತವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ದುಬಾರಿ ಹೆಡ್‌ಸೆಟ್ಟಿಗೆ ಭವಿಷ್ಯ ಇದೆ. ಆದರೆ ಆ ಭವಿಷ್ಯದ ದಾರಿ ಕಿರಿದು. ಕೆಲವೇ ಬಗೆಯ ಕೆಲಸಗಳಿಗೆ, ಕೆಲವೇ ಕೋಣೆಗಳಿಗೆ ಹೋಗುವ ದಾರಿ. ನೀವು ಕೊಳ್ಳಲು ಹೊರಟಿರುವ ಯಂತ್ರ ಎಷ್ಟು ವರ್ಷ ಬದುಕುತ್ತದೆ ಎಂಬುದೂ ನಿಮ್ಮ ಕೈಯಲ್ಲಿಲ್ಲ. ಈ ಎರಡನೆಯ ಮಾತಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಕೊಟೇಶನ್ನಿನಲ್ಲಿ ಅದಕ್ಕೆ ಒಂದು ಸಾಲೂ ಇರುವುದಿಲ್ಲ.

ಅಮೆರಿಕದ ಫ್ಲೋರಿಡಾದಲ್ಲಿ ಮ್ಯಾಜಿಕ್ ಲೀಪ್ ಎಂಬ ಕಂಪನಿ ಇದೆ. 2010ರಲ್ಲಿ ಹುಟ್ಟಿದ್ದು, ಒಂದು ಸಾಮಾನು ಮಾರುಕಟ್ಟೆಗೆ ಬರುವ ಮೊದಲೇ 200 ಕೋಟಿ ಡಾಲರಿಗೂ ಹೆಚ್ಚು ಬಂಡವಾಳ ಎತ್ತಿತ್ತು. 2018ರಲ್ಲಿ ಅದರ ಮೊದಲ ಹೆಡ್‌ಸೆಟ್ ಬಂತು, ಬೆಲೆ 2,295 ಡಾಲರ್. ಎರಡೇ ವರ್ಷಕ್ಕೆ ಕಂಪನಿ ಸಾಮಾನ್ಯ ಗ್ರಾಹಕರ ಕೈಬಿಟ್ಟು, ನೂರಾರು ನೌಕರರನ್ನು ಮನೆಗೆ ಕಳಿಸಿ, ಕಾರ್ಖಾನೆ ಮತ್ತು ಆಸ್ಪತ್ರೆಗಳ ಕಡೆ ಮುಖ ಮಾಡಿತು. ಕೊನೆಗೆ 2024ರ ಡಿಸೆಂಬರ್ 31ಕ್ಕೆ ಆ ಮೊದಲ ಮಾದರಿಯ ಕ್ಲೌಡ್ ಸೇವೆಯನ್ನೇ ನಿಲ್ಲಿಸಿತು. ಅದು ನಿಂತ ಮೇಲೆ ಯಂತ್ರದ ಮುಖ್ಯ ಕೆಲಸಗಳೂ ನಿಂತವು. ಗಾಜು ಒಡೆದಿರಲಿಲ್ಲ, ಬ್ಯಾಟರಿ ಉಬ್ಬಿರಲಿಲ್ಲ, ಜೋಪಾನವಾಗಿ ಬೀರುವಿನಲ್ಲಿ ಇಟ್ಟವರದ್ದೂ ಹೋಯಿತು. ಆರು ವರ್ಷದ ಆಯಸ್ಸು.

ನಮ್ಮ ವರ್ಕ್‌ಶಾಪುಗಳಲ್ಲಿ ನನ್ನ ವಯಸ್ಸಿನ ಲೇತ್‌ಗಳು ಇನ್ನೂ ತಿರುಗುತ್ತಿವೆ. ಬೆಲ್ಟು ಬದಲಿಸಿ, ಬೇರಿಂಗ್ ಹಾಕಿ, ಎಣ್ಣೆ ಬಿಟ್ಟರೆ ಸಾಕು. ಮಾಡಿದ ಕಂಪನಿ ಮುಚ್ಚಿಹೋಗಿದ್ದರೂ ಪಕ್ಕದ ಊರಿನ ಟರ್ನರ್ ಬಂದು ಸರಿಮಾಡಿ ಹೋಗುತ್ತಾನೆ. ಲ್ಯಾಬಿನ ಸಾಮಾನು ಎಂದರೆ ನಿಮ್ಮ ಮಂಡಳಿಯ ಹಿರಿಯರ ಮನಸ್ಸಿನಲ್ಲಿ ಇರುವುದು ಈ ಲೇತು, ಈ ಸೂಕ್ಷ್ಮದರ್ಶಕ. ಹೆಡ್‌ಸೆಟ್ ಆ ಜಾತಿಗೆ ಸೇರಿದ್ದಲ್ಲ. ಅದರ ಎಷ್ಟೋ ಕೆಲಸಗಳು ಸಾಗರದಾಚೆಯ ಸರ್ವರನ್ನು ನಂಬಿಕೊಂಡಿರುತ್ತವೆ.

ಮ್ಯಾಜಿಕ್ ಲೀಪ್ ಸಣ್ಣ ಕಂಪನಿ, ಅದಕ್ಕೇ ಹಾಗಾಯಿತು ಎಂದು ಮಾರಾಟಗಾರರು ಹೇಳಬಹುದು. ಹಾಗಾದರೆ ಮೈಕ್ರೋಸಾಫ್ಟನ್ನು ನೋಡಿ. ಹೋಲೋಲೆನ್ಸ್ ಹೆಸರಿನ ಹೆಡ್‌ಸೆಟ್ಟನ್ನು ಅದು ಜಗತ್ತಿಗೆ ತೋರಿಸಿದ್ದು 2015ರಲ್ಲಿ. ಎರಡನೆಯ ಮಾದರಿ 2019ರಲ್ಲಿ ಬಂತು, 3,500 ಡಾಲರಿಗೆ. ಕೆಲಸದ ಜಾಗಕ್ಕೆಂದೇ ಮಾಡಿದ ಒಳ್ಳೆಯ ಯಂತ್ರ ಅದು. ಕನ್ನಡಕದ ಮೇಲೆಯೇ ಹಾಕಿಕೊಳ್ಳಬಹುದಿತ್ತು, ಬೇಡವೆಂದಾಗ ಮುಂದಿನ ಗಾಜನ್ನು ಮೇಲಕ್ಕೆ ಮಡಿಸಬಹುದಿತ್ತು. 2024ರ ಅಕ್ಟೋಬರಿನಲ್ಲಿ ತಯಾರಿಕೆ ನಿಂತಿತು. ಭದ್ರತಾ ಅಪ್‌ಡೇಟುಗಳು 2027ರ ಡಿಸೆಂಬರ್ 31ರವರೆಗೆ ಮಾತ್ರ. ಅದೇ ಕಂಪನಿ ಬೇರೆ ತಯಾರಕರೊಂದಿಗೆ ಸೇರಿ ತಂದಿದ್ದ ‘ವಿಂಡೋಸ್ ಮಿಕ್ಸೆಡ್ ರಿಯಾಲಿಟಿ’ ಎಂಬ ಏರ್ಪಾಡು ವಿಂಡೋಸ್ 11ರ 2024ರ ಅಪ್‌ಡೇಟಿನಲ್ಲಿ ಪೂರ್ತಿ ಮಾಯವಾಯಿತು. ಅದನ್ನೇ ನಂಬಿ ಹೆಡ್‌ಸೆಟ್ ಕೊಂಡವರಿಗೆ, ಕಂಪ್ಯೂಟರನ್ನು ಹಳೆಯ ವಿಂಡೋಸಿನಲ್ಲೇ ಉಳಿಸಿಕೊಳ್ಳಿ ಎನ್ನುವುದಲ್ಲದೆ ಕಂಪನಿಯಿಂದ ಬೇರೆ ದಾರಿ ಸಿಗಲಿಲ್ಲ.

ಅಮೆರಿಕದ ಸೇನೆಯ ಪ್ರಸಂಗವಂತೂ ನಿಮ್ಮ ಹಣಕಾಸು ಸಮಿತಿಯ ಪ್ರತಿಯೊಬ್ಬ ಸದಸ್ಯರೂ ತಿಳಿಯಬೇಕಾದದ್ದು. ಹೋಲೋಲೆನ್ಸ್ ಆಧಾರದ ಯುದ್ಧ ಕನ್ನಡಕಗಳಿಗಾಗಿ 2021ರಲ್ಲಿ ಅದು ಮೈಕ್ರೋಸಾಫ್ಟಿನೊಂದಿಗೆ ಮಾಡಿಕೊಂಡ ಒಪ್ಪಂದ ಹತ್ತು ವರ್ಷದ್ದು, ಗರಿಷ್ಠ ಮೊತ್ತ 2,188 ಕೋಟಿ ಡಾಲರ್. ಪರೀಕ್ಷೆಯಲ್ಲಿ ಹಾಕಿಕೊಂಡ ಸೈನಿಕರು ತಲೆನೋವು, ಕಣ್ಣುನೋವು, ಹೊಟ್ಟೆ ತೊಳಸುವುದು ಎಂದು ದೂರಿದರು. ತಿದ್ದಿದರು, ಮತ್ತೆ ತಿದ್ದಿದರು. 2025ರ ಆರಂಭದಲ್ಲಿ ಆ ಕೆಲಸ ಆಂಡ್ಯುರಿಲ್ ಎಂಬ ಬೇರೆ ಕಂಪನಿಯ ಕೈಗೆ ಹೋಯಿತು. ಅಷ್ಟು ದೊಡ್ಡ ಗಿರಾಕಿಗೂ ತಯಾರಕನನ್ನು ಹಿಡಿದು ನಿಲ್ಲಿಸಲಾಗಲಿಲ್ಲ. ಹತ್ತು ಹೆಡ್‌ಸೆಟ್ ಕೊಳ್ಳುವ ಒಂದು ಟ್ರಸ್ಟಿನ ಮಾತಿಗೆ ಅಲ್ಲಿ ಎಷ್ಟು ತೂಕ ಇದ್ದೀತು ಎಂದು ಯೋಚಿಸಿ.

ಇನ್ನು ಬೆಲೆಯ ಮಾತು. ‘ಕಂಪ್ಯೂಟರಿನ ಬೆಲೆ ಇಳಿಯಲಿಲ್ಲವೇ, ಮೊಬೈಲಿನದು ಇಳಿಯಲಿಲ್ಲವೇ, ಇದೂ ಇಳಿಯುತ್ತದೆ, ಈಗಲೇ ಮುಂದೆ ನಿಲ್ಲೋಣ’ ಎಂಬ ವಾದವನ್ನು ನಾನು ಸಭೆಗಳಲ್ಲಿ ಕೇಳಿದ್ದೇನೆ. ಆಪಲ್ ಕಂಪನಿ ವಿಷನ್ ಪ್ರೊ ಹೆಡ್‌ಸೆಟ್ಟನ್ನು ಅಮೆರಿಕದಲ್ಲಿ ಮಾರಾಟಕ್ಕೆ ಇಟ್ಟದ್ದು 2024ರ ಫೆಬ್ರುವರಿ 2ರಂದು, ಬೆಲೆ 3,499 ಡಾಲರ್. ನಮ್ಮ ಲೆಕ್ಕಕ್ಕೆ ಹೆಚ್ಚುಕಡಿಮೆ ಮೂರು ಲಕ್ಷ ರೂಪಾಯಿ, ಆಮದು ಸುಂಕ ಬೇರೆ. 2025ರ ಅಕ್ಟೋಬರಿನಲ್ಲಿ ಹೊಸ ಚಿಪ್ಪಿನ ಮಾದರಿ ಬಂತು. ಬೆಲೆ ಅಷ್ಟೇ. ತೂಕ ಮಾತ್ರ ಹೆಚ್ಚಾಯಿತು: ಮೊದಲನೆಯದು 600ರಿಂದ 650 ಗ್ರಾಂ ಇದ್ದರೆ ಹೊಸದು, ಅದರ ಹೊಸ ಪಟ್ಟಿಯೂ ಸೇರಿ, 750ರಿಂದ 800 ಗ್ರಾಂ. ಬ್ಯಾಟರಿಯನ್ನು ಜೇಬಿನಲ್ಲಿ ಬೇರೆ ಇಟ್ಟುಕೊಳ್ಳಬೇಕು.

ಬೆಲೆ ಇಳಿಯದಿರುವುದಕ್ಕೆ ಕಾರಣ ದುರಾಸೆ ಒಂದೇ ಅಲ್ಲ. ಕೆಲಸವೇ ಅಷ್ಟು ಕಠಿಣ. ವಿಷನ್ ಪ್ರೊ ಬಗೆಯ ಹೆಡ್‌ಸೆಟ್ಟಿನಲ್ಲಿ ನೀವು ನೇರವಾಗಿ ಕೋಣೆಯನ್ನು ನೋಡುವುದಿಲ್ಲ. ಹೊರಗಿನ ಕ್ಯಾಮೆರಾಗಳು ಕೋಣೆಯನ್ನು ಹಿಡಿದು, ಒಳಗಿನ ಅಂಚೆ ಚೀಟಿಯಷ್ಟು ದೊಡ್ಡ ಎರಡು ಪರದೆಗಳ ಮೇಲೆ ತೋರಿಸುತ್ತವೆ. ವಿಷನ್ ಪ್ರೊದಲ್ಲಿ ಆ ಎರಡು ಪರದೆಗಳಲ್ಲಿ ಸೇರಿ 2.3 ಕೋಟಿ ಚುಕ್ಕೆಗಳಿವೆ. ತಲೆ ತಿರುಗಿಸಿದ ಕೂಡಲೇ ಚಿತ್ರವೂ ತಿರುಗಬೇಕು. ತಡವಾದರೆ ತಲೆ ಸುತ್ತುತ್ತದೆ. ಆ ತಡವನ್ನು 12 ಮಿಲಿಸೆಕೆಂಡಿಗೆ ಇಳಿಸಲಿಕ್ಕೇ ಆಪಲ್ ಪ್ರತ್ಯೇಕ ಚಿಪ್ ಒಂದನ್ನು ಹಾಕಿದೆ. ಚಿಪ್ ಕಾಯುತ್ತದೆ, ಅದಕ್ಕೆ ಫ್ಯಾನ್ ಬೇಕು, ಫ್ಯಾನಿಗೆ ಬ್ಯಾಟರಿ ಬೇಕು, ಬ್ಯಾಟರಿಗೆ ತೂಕ. ಒಂದನ್ನು ಇಳಿಸಲು ಹೋದರೆ ಇನ್ನೊಂದು ಏರುತ್ತದೆ.

ದುಡ್ಡಿನಿಂದ ತೀರದ ಇನ್ನೊಂದು ತೊಡಕಿದೆ. ಹತ್ತಿರದ ವಸ್ತುವನ್ನು ನೋಡುವಾಗ ನಮ್ಮ ಎರಡೂ ಕಣ್ಣುಗುಡ್ಡೆಗಳು ಒಳಕ್ಕೆ ತಿರುಗುತ್ತವೆ, ಜೊತೆಗೆ ಕಣ್ಣಿನೊಳಗಿನ ಮಸೂರವೂ ಹತ್ತಿರಕ್ಕೆ ಹೊಂದಿಕೊಳ್ಳುತ್ತದೆ. ಹುಟ್ಟಿದಾಗಿನಿಂದ ಈ ಎರಡು ಕೆಲಸ ಒಟ್ಟಿಗೇ ನಡೆದು ಬಂದಿವೆ. ಹೆಡ್‌ಸೆಟ್ಟಿನೊಳಗೆ ಸ್ಕ್ರೂ ಒಂದು ಅಂಗೈ ದೂರಕ್ಕೆ ಬಂದಂತೆ ಕಂಡಾಗ ಕಣ್ಣುಗಳು ಒಳಕ್ಕೆ ತಿರುಗುತ್ತವೆ; ಆದರೆ ಪರದೆಯ ಚಿತ್ರ ಸ್ಪಷ್ಟವಾಗುವುದು ಒಂದೇ ನಿಗದಿತ ದೂರದಲ್ಲಿ. ಮಸೂರ ಅಲ್ಲೇ ನಿಲ್ಲಬೇಕಾಗುತ್ತದೆ. ಈ ಜಗ್ಗಾಟದಿಂದಲೂ ಕಣ್ಣು ಬೇಗ ದಣಿಯುತ್ತದೆ. ನಮ್ಮ ಪ್ರಾಕ್ಟಿಕಲ್‌ಗಳಲ್ಲಿ ವಿದ್ಯಾರ್ಥಿ ನೋಡಬೇಕಾದದ್ದೆಲ್ಲ ಕೈಯಳತೆಯಲ್ಲೇ ಇರುವುದು ಎಂಬುದನ್ನು ಗಮನಿಸಿ.

ಹಾಗಾದರೆ ಇದು ಎಲ್ಲೂ ಉಪಯೋಗಕ್ಕೆ ಬಂದಿಲ್ಲವೇ? ಬಂದಿದೆ, ಚೆನ್ನಾಗಿಯೇ ಬಂದಿದೆ. ಎಲ್ಲಿ ಎಂಬುದನ್ನು ನೋಡಬೇಕು. ‘ಆಗ್ಮೆಂಟೆಡ್ ರಿಯಾಲಿಟಿ’ ಎಂಬ ಹೆಸರೇ ಹುಟ್ಟಿದ್ದು 1990ರ ದಶಕದ ಆರಂಭದಲ್ಲಿ, ಬೋಯಿಂಗ್ ವಿಮಾನ ಕಂಪನಿಯ ಎಂಜಿನಿಯರ್ ಟಾಮ್ ಕಾಡೆಲ್ ಅವರಿಂದ. ವಿಮಾನದ ವೈರುಗಳನ್ನು ದೊಡ್ಡ ಹಲಗೆಗಳ ಮೇಲೆ ಒಂದೊಂದಾಗಿ ಹಾಸಿ ಕಟ್ಟುವ ಕೆಲಸಗಾರನಿಗೆ, ಯಾವ ವೈರು ಎಲ್ಲಿ ಹೋಗಬೇಕು ಎಂಬುದು ಕಣ್ಣೆದುರಿಗೇ ಕಾಣಲಿ ಎಂಬ ಯೋಚನೆ ಅದು. 2021ರಲ್ಲಿ ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆ, ಸ್ವಿಟ್ಜರ್ಲೆಂಡಿನಲ್ಲಿ ತಯಾರಾದ ಹೆಡ್‌ಸೆಟ್ ಆಧಾರದ ಹೆಲಿಕಾಪ್ಟರ್ ತರಬೇತಿ ಸಿಮ್ಯುಲೇಟರಿಗೆ ಮಾನ್ಯತೆ ಕೊಟ್ಟಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರು ವಿಷನ್ ಪ್ರೊ ಹಾಕಿಕೊಂಡು ಲ್ಯಾಪರೊಸ್ಕೋಪಿ ಮಾಡಿ ನೋಡಿದ್ದಾರೆ. ಕತ್ತು ತಿರುಚಿ ದೂರದ ಮಾನಿಟರ್ ನೋಡುವ ಬದಲು, ಕ್ಯಾಮೆರಾ ಚಿತ್ರವನ್ನೂ ಸ್ಕ್ಯಾನನ್ನೂ ತಮಗೆ ಬೇಕಾದ ಕಡೆ ಇಟ್ಟುಕೊಳ್ಳುವ ಅನುಕೂಲ ಅದು. ಚೆನ್ನೈನಲ್ಲೂ ಇಂಥ ಪ್ರಯೋಗ ನಡೆದಿದೆ.

ಈ ಎಲ್ಲ ಕಡೆ ಹಾಕಿಕೊಳ್ಳುವವರು ಒಬ್ಬರು. ಯಂತ್ರ ಅವರ ತಲೆಗೆ, ಅವರ ಕಣ್ಣಿಗೆ ಹೊಂದಿಸಿದ್ದು. ಮಾಡುವ ಕೆಲಸ ಮೊದಲೇ ಬಲ್ಲದ್ದು ಅಥವಾ ತಿಂಗಳುಗಟ್ಟಲೆ ಕಲಿಯುವಂಥದ್ದು. ತಪ್ಪಾದರೆ ಆಗುವ ನಷ್ಟ ಮೂರು ಲಕ್ಷಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ದುಬಾರಿ ಹೆಡ್‌ಸೆಟ್ ಉಳಿಯುವುದಾದರೆ ಇಲ್ಲಿ ಉಳಿಯುತ್ತದೆ ಎಂಬುದು ನನ್ನ ನಂಬಿಕೆ.

ಈಗ ನಿಮ್ಮ ಕೋಣೆಗೆ ಬನ್ನಿ. ಒಂದು ಕಾಲೇಜಿನಲ್ಲಿ ಇಂಥ ಲ್ಯಾಬಿನ ಪ್ರಾಕ್ಟಿಕಲ್ ನಡೆಯುವಾಗ ಮೂಲೆಯ ಸ್ಟೂಲಿನ ಮೇಲೆ ಕೂತು ನೋಡಿದ್ದೇನೆ. ಇಪ್ಪತ್ತು ಮಕ್ಕಳ ಬ್ಯಾಚ್, ಎರಡು ಗಂಟೆಯ ಅವಧಿ. ಮೊದಲು ಹೋದ ಹುಡುಗಿ ಜಡೆ ಹೆಣೆದು ಮಲ್ಲಿಗೆ ಮುಡಿದಿದ್ದಳು. ಹೆಡ್‌ಸೆಟ್ಟಿನ ಹಿಂಬದಿಯ ತಿರುಗುಬಿರಡೆ ಸರಿಯಾಗಿ ಜಡೆಯ ಬುಡದ ಮೇಲೆ ಬಂದು ಕೂತಿತು. ಪಟ್ಟಿ ಬಿಗಿ ಮಾಡಿದರೆ ನೋವು, ಸಡಿಲ ಬಿಟ್ಟರೆ ಮೂಗಿನ ಮೇಲೆ ಜಾರುತ್ತದೆ. ಹೂವು ತೆಗೆದು ಕಿಟಕಿಯ ಮೇಲಿಟ್ಟು ಮತ್ತೆ ಹಾಕಿಕೊಂಡಳು. ಆಮೇಲೆ ಎದುರು ತೇಲುವ ಚುಕ್ಕೆಗಳನ್ನು ಒಂದೊಂದಾಗಿ ದಿಟ್ಟಿಸಿ ಕಣ್ಣಿನ ಹೊಂದಾಣಿಕೆ ಆಗಬೇಕು. ಅದು ಮುಗಿದು ಎಂಜಿನ್ ಮಾದರಿ ತೆರೆದುಕೊಳ್ಳುವ ಹೊತ್ತಿಗೆ ಹಿಂದಿನವರು ಗಡಿಯಾರ ನೋಡುತ್ತಿದ್ದರು. ಎರಡನೆಯವನಿಗೆ ಕನ್ನಡಕ. ಅದನ್ನು ತೆಗೆದರೆ ಮಾದರಿ ಮಸುಕು, ತೆಗೆಯದಿದ್ದರೆ ಹೆಡ್‌ಸೆಟ್ ಕೂರುವುದಿಲ್ಲ. ಅವನ ನಂಬರಿನ ಮಸೂರವನ್ನು ಬೇರೆ ತರಿಸಿ ಒಳಗೆ ಕೂರಿಸಬಹುದಂತೆ. ಎಷ್ಟು ಮಕ್ಕಳದ್ದೆಂದು ತರಿಸುವುದು? ಪ್ರತಿ ಸರದಿಯ ನಡುವೆ ಲ್ಯಾಬ್ ಅಸಿಸ್ಟೆಂಟ್ ಹತ್ತಿ ಹಿಡಿದು ಮುಖದ ಮೆತ್ತೆಗೆ ಹತ್ತಿದ ಎಣ್ಣೆ, ಕುಂಕುಮ, ಬೆವರು ಒರೆಸುತ್ತಿದ್ದ. ಉಳಿದವರಿಗೆಲ್ಲ ಪ್ರೊಜೆಕ್ಟರಿನ ಚಿತ್ರ. ಹಾಕಿಕೊಂಡವರು ತಲೆ ಆಡಿಸಿದಂತೆಲ್ಲ ಗೋಡೆಯ ಮೇಲೆ ಅದು ತುಯ್ದಾಡುತ್ತಿತ್ತು. ಸ್ವಲ್ಪ ಹೊತ್ತಿಗೆ ಅರ್ಧ ಮಕ್ಕಳು ನೋಡುವುದನ್ನೇ ಬಿಟ್ಟರು.

ಹೆಚ್ಚು ಹೆಡ್‌ಸೆಟ್ ತರಿಸಿದರಾಯಿತು ಎನ್ನುತ್ತೀರಿ. ಐದು ತರಿಸಿ. ಮೂರು ಲಕ್ಷದಂತೆ ಹದಿನೈದು ಲಕ್ಷ. ನಾಲ್ಕು ಮಕ್ಕಳಿಗೊಂದು ಬಂತು, ಒಬ್ಬರಿಗೆ ಅರ್ಧ ಗಂಟೆ ಸಿಕ್ಕಿತು. ಹಾಕುವ, ಹೊಂದಿಸುವ, ಒರೆಸುವ ಹೊತ್ತು ಕಳೆದರೆ ಇಪ್ಪತ್ತು ನಿಮಿಷ. ಬ್ಯಾಟರಿ ಎರಡು, ಎರಡೂವರೆ ಗಂಟೆಗೆ ಮುಗಿಯುತ್ತದೆ, ಮಧ್ಯಾಹ್ನದ ಬ್ಯಾಚಿಗೆ ಚಾರ್ಜ್ ಆಗಿರಬೇಕು. ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಬೀರುವಿನಲ್ಲಿ ಇಟ್ಟು ಮರೆತರೆ ಲಿಥಿಯಂ ಬ್ಯಾಟರಿ ಹಾಳಾಗುವ ಸಂಭವ ಬೇರೆ. ಅದೇ ಹದಿನೈದು ಲಕ್ಷಕ್ಕೆ ಕಟ್ ಸೆಕ್ಷನ್ ಮಾಡಿಸಿದ ನಿಜವಾದ ಎಂಜಿನ್ನುಗಳು ಎಷ್ಟು ಬರುತ್ತವೆ, ಬಿಚ್ಚಿ ಜೋಡಿಸಲು ಗುಜರಿಯಿಂದ ತಂದ ಗೇರ್‌ಬಾಕ್ಸುಗಳು ಎಷ್ಟು ಬರುತ್ತವೆ ಎಂದು ನಿಮ್ಮ ಮೆಕ್ಯಾನಿಕಲ್ ವಿಭಾಗದ ಮುಖ್ಯಸ್ಥರನ್ನು ಕೇಳಿ. ಕೈಗೆ ಗ್ರೀಸು ಮೆತ್ತಿಕೊಳ್ಳದೆ ಬೋಲ್ಟಿನ ಬಿಗಿ ತಿಳಿಯುವುದಿಲ್ಲ. ಇದನ್ನು ನಾನು ಯಾವ ಹಳೆಯ ಕಾಲದ ಮೋಹದಿಂದಲೂ ಹೇಳುತ್ತಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಥ್ರೆಡ್ ಕಿತ್ತ ಬೋಲ್ಟು ಹಿಡಿದು ನಿಂತ ನಮ್ಮ ಡಿಪ್ಲೊಮಾ ಹುಡುಗರನ್ನು ಕಂಡು ಹೇಳುತ್ತಿದ್ದೇನೆ.

ತಯಾರಕರೇ ಎತ್ತ ಹೊರಟಿದ್ದಾರೆ ಎಂಬುದನ್ನೂ ನೋಡಿ. ಫೇಸ್‌ಬುಕ್ಕಿನ ಒಡೆಯನಾದ ಮೆಟಾ ಕಂಪನಿ 2022ರಲ್ಲಿ 1,499 ಡಾಲರಿನ ಕ್ವೆಸ್ಟ್ ಪ್ರೊ ತಂದಿತು. ಐದೇ ತಿಂಗಳಲ್ಲಿ ಅದರ ಬೆಲೆಯನ್ನು 999ಕ್ಕೆ ಇಳಿಸಿ, ಮುಂದೆ ನಿಲ್ಲಿಸಿಯೇ ಬಿಟ್ಟಿತು. 499 ಡಾಲರಿಗೆ ಬಿಡುಗಡೆಯಾದ ಅದರ ಕ್ವೆಸ್ಟ್ 3, 299ಕ್ಕೆ ಬಿಡುಗಡೆಯಾದ ಕ್ವೆಸ್ಟ್ 3ಎಸ್ ಉಳಿದುಕೊಂಡವು. ಹಾಗಿದ್ದೂ ಇವನ್ನು ಮಾಡುವ ಮೆಟಾದ ವಿಭಾಗಕ್ಕೆ 2024ರ ಒಂದೇ ವರ್ಷದಲ್ಲಿ ಆದ ನಷ್ಟ 1,770 ಕೋಟಿ ಡಾಲರ್. ಸ್ಯಾಮ್‌ಸಂಗ್ 2025ರ ಅಕ್ಟೋಬರಿನಲ್ಲಿ ಗ್ಯಾಲಕ್ಸಿ ಎಕ್ಸ್‌ಆರ್ ತಂದಿತು, 1,799 ಡಾಲರಿಗೆ; ಆಪಲ್ಲಿನ ಅರ್ಧ ಬೆಲೆ, 545 ಗ್ರಾಂ. ಇನ್ನೊಂದು ಕಡೆ ಜನ ನಿಜವಾಗಿ ಕೊಂಡು ಹಾಕಿಕೊಳ್ಳುತ್ತಿರುವುದು ಪರದೆಯೇ ಇಲ್ಲದ, ಬರೀ ಕ್ಯಾಮೆರಾ ಮತ್ತು ಸ್ಪೀಕರ್ ಇರುವ ಸಾದಾ ಕನ್ನಡಕ. ಅಂಥದ್ದೇ ಒಂದಾದ ರೇಬ್ಯಾನ್ ಮೆಟಾ ನಮ್ಮ ದೇಶಕ್ಕೆ 2025ರ ಮೇ ತಿಂಗಳಲ್ಲಿ 29,900 ರೂಪಾಯಿಗೆ ಬಂತು. ಒಂದು ಗಾಜಿನೊಳಗೆ ಪುಟ್ಟ ಪರದೆ ಇರುವ ಮಾದರಿ ಅಮೆರಿಕದಲ್ಲಿ 799 ಡಾಲರಿಗೆ ಅದೇ ವರ್ಷ ಬಂತು, ತೂಕ 69 ಗ್ರಾಂ. ಆಪಲ್ ಕೂಡ ಹಗುರವಾದ ಹೆಡ್‌ಸೆಟ್ಟಿನ ಕೆಲಸ ಬದಿಗಿಟ್ಟು ಕನ್ನಡಕದ ಕಡೆ ಜನರನ್ನು ತಿರುಗಿಸಿದೆ ಎಂದು ಬ್ಲೂಮ್‌ಬರ್ಗ್ ವರದಿ ಮಾಡಿತ್ತು. ಮೇಲಿನ ತುದಿಯಲ್ಲಿ ಸಿಮ್ಯುಲೇಟರು, ಶಸ್ತ್ರಚಿಕಿತ್ಸೆ; ಕೆಳಗಿನ ತುದಿಯಲ್ಲಿ ಅಗ್ಗದ ಹೆಡ್‌ಸೆಟ್ ಮತ್ತು ಹಗುರ ಕನ್ನಡಕ. ನಡುವಿನ ದುಬಾರಿ ‘ಎಲ್ಲದಕ್ಕೂ ಒಂದೇ’ ಯಂತ್ರಕ್ಕೆ ಮುಂದಿನ ಕೆಲವು ವರ್ಷ ಗಿರಾಕಿಯಾಗಿ ಉಳಿಯುವವರು ಯಾರು? ಕಾಲೇಜುಗಳಿಗೆ ಮಾನ್ಯತೆ ನೀಡುವ ನ್ಯಾಕ್ ತಂಡಕ್ಕೆ ತೋರಿಸಲು ಒಂದು ಹೊಸ ಕೋಣೆ ಬೇಕೆನ್ನುವ ನಮ್ಮಂಥ ಸಂಸ್ಥೆಗಳು. ಅದು ನನಗೆ ನೋವಿನ ಸಂಗತಿ, ಏಕೆಂದರೆ ಆ ಹಣ ವಿದ್ಯಾರ್ಥಿಗಳ ಶುಲ್ಕದಿಂದ ಬಂದದ್ದು.

ಮಕ್ಕಳಿಗೆ ಈ ವಿದ್ಯೆ ಬೇಡ ಎಂದು ನಾನು ಹೇಳಿದರೆ ಅನ್ಯಾಯವಾದೀತು. ಅನಿಮೇಷನ್, ಗೇಮಿಂಗ್, ಎಕ್ಸ್‌ಆರ್‌ನಂಥ ಉದ್ಯಮಗಳಿಗಾಗಿ ರಾಜ್ಯ ಸರ್ಕಾರ 2024ರಿಂದ 2029ರವರೆಗಿನ ಎವಿಜಿಸಿ–ಎಕ್ಸ್‌ಆರ್ ನೀತಿ ತಂದಿದೆ. ಬೆಂಗಳೂರಿನಲ್ಲಿ ಅನಿಮೇಷನ್, ಗೇಮಿಂಗ್ ಕೆಲಸಗಳಿವೆ. ಆದರೆ ಆ ಕೆಲಸಗಳಿರುವುದು ಹೆಡ್‌ಸೆಟ್ಟಿನೊಳಗೆ ಕಾಣುವುದನ್ನು ತಯಾರಿಸುವುದರಲ್ಲಿ. ಅದಕ್ಕೆ ಬೇಕಾದ ಬ್ಲೆಂಡರ್ ಸಾಫ್ಟ್‌ವೇರ್ ಉಚಿತ, ಈಗಿರುವ ಕ್ಯಾಡ್ ಲ್ಯಾಬಿನ ಕಂಪ್ಯೂಟರಿನಲ್ಲೇ ಓಡುತ್ತದೆ. ಪರೀಕ್ಷಿಸಿ ನೋಡಲು ಎರಡು ಅಗ್ಗದ ಹೆಡ್‌ಸೆಟ್ ಸಾಕು. ನಮ್ಮದೇ ಕಾಲೇಜಿನ ಪಂಪು, ನಮ್ಮದೇ ಟ್ರಾನ್ಸ್‌ಫಾರ್ಮರ್, ನಮ್ಮ ಅಂಗರಚನಾ ವಿಭಾಗದ ಮೂಳೆಗಳು, ಇವನ್ನು ಮಕ್ಕಳೇ ಅಳೆದು ಮೂರು ಆಯಾಮದ ಮಾದರಿ ಮಾಡಲಿ. ಕನ್ನಡದಲ್ಲೇ ವಿವರಣೆ ಸೇರಿಸಲಿ. ಹಳ್ಳಿಯಿಂದ ಬಂದು ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷಿಗೆ ಬೆದರುವ ಡಿಪ್ಲೊಮಾ ವಿದ್ಯಾರ್ಥಿಗೆ ಅದರಿಂದ ಆಗುವ ಉಪಕಾರ ದೊಡ್ಡದು. ಜಿಎಲ್‌ಟಿಎಫ್‌ನಂಥ ಮುಕ್ತ ಮಾದರಿಯ ಫೈಲಾಗಿ ಉಳಿಸಿದರೆ ಇಂದು ಮೊಬೈಲಿನಲ್ಲೂ ಬ್ರೌಸರಿನಲ್ಲೂ ತೆರೆಯುತ್ತದೆ, ನಾಳೆ ಯಾವ ಕಂಪನಿಯ ಕನ್ನಡಕ ಬಂದರೂ ಅದಕ್ಕೆ ಒಯ್ಯಬಹುದು. ನೀವು ಹಣ ಹಾಕಬೇಕಾದದ್ದು ಇದಕ್ಕೆ, ಮತ್ತು ಇದನ್ನು ಕಲಿಸಬಲ್ಲ ಒಬ್ಬ ಖಾಯಂ ಇನ್‌ಸ್ಟ್ರಕ್ಟರಿಗೆ. ಹೆಡ್‌ಸೆಟ್ಟಿಗೆ ಹದಿನೈದು ಲಕ್ಷ ಮಂಜೂರು ಮಾಡುವ ಮಂಡಳಿಯೇ ಆ ಹುದ್ದೆಯನ್ನು ವರ್ಷಗಟ್ಟಲೆ ಖಾಲಿ ಬಿಡುವುದನ್ನು ನಾನು ಕಂಡಿದ್ದೇನೆ.

ವೈದ್ಯಕೀಯ ಕಾಲೇಜಿನವರ ಮಾತು ಬೇರೆ. ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಕೆಲವೇ ಜನ, ಕಲಿಯುವುದು ವರ್ಷಗಟ್ಟಲೆ, ತಪ್ಪಿನ ಬೆಲೆ ಒಂದು ಜೀವ. ಅಲ್ಲಿ ಒಂದು ಒಳ್ಳೆಯ ಹೆಡ್‌ಸೆಟ್ ನಿಲ್ಲಬಲ್ಲದು. ಆದರೂ ಕೊಳ್ಳುವ ಮೊದಲು ಬಾಡಿಗೆಗೆ ತಂದು ನೋಡಿ, ಅಥವಾ ಜಿಲ್ಲೆಯ ಎರಡು ಮೂರು ಸಂಸ್ಥೆಗಳು ಸೇರಿ ಒಂದನ್ನು ತನ್ನಿ.

ಇಷ್ಟಾದರೂ ಕೊಳ್ಳಲೇಬೇಕೆಂದು ತೀರ್ಮಾನವಾದರೆ ಟೆಂಡರಿನಲ್ಲಿ ಕೆಲವು ಷರತ್ತುಗಳನ್ನು ಬರೆಸಿ. ಕಂಪನಿ ಸೇವೆ ನಿಲ್ಲಿಸಿದ ಮೇಲೂ ಯಂತ್ರ ಇಂಟರ್ನೆಟ್ಟಿಲ್ಲದೆ ಓಡಬೇಕು. ಎಷ್ಟನೇ ಇಸವಿಯವರೆಗೆ ಅಪ್‌ಡೇಟ್ ಬರುತ್ತದೆ ಎಂಬುದು ಬರವಣಿಗೆಯಲ್ಲಿ ಇರಬೇಕು. ಸಾಫ್ಟ್‌ವೇರ್ ಓಪನ್‌ಎಕ್ಸ್‌ಆರ್ ಎಂಬ ಮುಕ್ತ ಮಾನದಂಡದ ಮೇಲೆ ನಿಂತಿರಬೇಕು, ಒಂದೇ ಕಂಪನಿಯ ಯಂತ್ರಕ್ಕೆ ಅಂಟಿಕೊಂಡಿರಬಾರದು. ಪಾಠದ ಮಾದರಿಗಳ ಮೂಲ ಫೈಲು ಕಾಲೇಜಿಗೆ ಸೇರಬೇಕು. ಮುಖದ ಮೆತ್ತೆ, ಪಟ್ಟಿ, ಬ್ಯಾಟರಿ ಈ ಮೂರರ ಬಿಡಿಭಾಗ ಎಲ್ಲಿ ಸಿಗುತ್ತದೆ, ಎಷ್ಟಕ್ಕೆ ಸಿಗುತ್ತದೆ ಎಂಬುದು ಕೊಟೇಶನ್ನಿನಲ್ಲೇ ಬರಬೇಕು. ಡೆಮೊಗೆ ಬಂದವರು ಅಧ್ಯಕ್ಷರ ಕೋಣೆಯಲ್ಲಿ ನಿಮ್ಮೊಬ್ಬರ ತಲೆಗೆ ಐದು ನಿಮಿಷ ಹಾಕಿ ತೋರಿಸುವುದಕ್ಕೆ ಒಪ್ಪಬೇಡಿ. ಒಂದು ಪೂರ್ತಿ ಬ್ಯಾಚ್ ಮಕ್ಕಳನ್ನು ಲ್ಯಾಬಿನಲ್ಲಿ ಕೂರಿಸಿ, ವೈಫೈ ಆರಿಸಿ, ಎರಡು ಗಂಟೆಯ ಪ್ರಾಕ್ಟಿಕಲನ್ನು ಅವರೇ ನಡೆಸಿ ತೋರಿಸಲಿ. ಕನ್ನಡಕದವರು, ಜಡೆಯವರು, ತಲೆಗೆ ವಸ್ತ್ರ ಹಾಕಿಕೊಳ್ಳುವವರು ಎಲ್ಲರೂ ಆ ಬ್ಯಾಚಿನಲ್ಲಿರಲಿ. ಮುಗಿದ ಮೇಲೆ ಏನು ಕಲಿತಿರಿ ಎಂದು ಅವರನ್ನೇ ಕೇಳಿ. ಖರೀದಿ ಸಮಿತಿಯ ಸಭೆಗೆ ಲ್ಯಾಬ್ ಅಸಿಸ್ಟೆಂಟರನ್ನೂ ಕರೆಯಿರಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಲ್ಯಾಬ್ ಇನ್‌ಸ್ಟ್ರಕ್ಟರ್